ಗ್ರ್ಯಾಂಡ್ ಕ್ಯಾನ್ಯನ್: ಕೊರೆದದ್ದು ಪ್ರಳಯವೋ ನದಿಯೋ? ಕರಪತ್ರದ ವಾದಗಳನ್ನು ಕಲ್ಲಿನ ಮುಂದಿಟ್ಟು ನೋಡಬೇಕಿದೆ

ನೇತ್ರಾವತಿ_ಫೀನಿಕ್ಸ್ ಕೇಳಿದ್ದು:

ಇಲ್ಲಿನ ಕನ್ನಡ ಕುಟುಂಬಗಳ ಹೈಸ್ಕೂಲು ಮಕ್ಕಳನ್ನು ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿಗೆ (ಸೌತ್ ರಿಮ್) ಕರೆದೊಯ್ಯುವ ಏರ್ಪಾಡಾಗುತ್ತಿದೆ. ಬೈಬಲ್ಲು ಹೇಳುವಂತೆ ದೇವರು ಕೆಲವೇ ಸಾವಿರ ವರ್ಷಗಳ ಹಿಂದೆ ಭೂಮಿಯನ್ನು ಸೃಷ್ಟಿಸಿದ ಎನ್ನುವ ಸೃಷ್ಟಿವಾದಿಗಳ ಕರಪತ್ರವೊಂದು ಮಕ್ಕಳ ಕೈ ಸೇರಿದ್ದು, ಪ್ರಶ್ನೆಗಳು ಶುರುವಾಗಿವೆ. ಅದರಲ್ಲಿರುವುದು ಇಷ್ಟು: ಸುಮಾರು 4,500 ವರ್ಷಗಳ ಹಿಂದೆ ನೋಹನ ಜಲಪ್ರಳಯ ಒಂದೇ ವರ್ಷದಲ್ಲಿ ಪದರಗಳನ್ನು ಹಾಸಿತು, ಆಮೇಲೆ ನೀರು ಇಳಿಯುವಾಗ ಕಮರಿ ಕೊರೆಯಿತು. ಸಾಕ್ಷಿಯಾಗಿ ಕೊಟ್ಟಿರುವ ಅಂಶಗಳು: ನದಿ ಗುಡ್ಡ ಹತ್ತಿ ಹರಿಯಲಾರದು, ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯ ಬಳಿ ಒಂದೇ ದಿನದಲ್ಲಿ ಕಮರಿಯಾಯಿತು, ಪದರಗಳ ನಡುವೆ ಸವೆತದ ಗುರುತಿಲ್ಲ, ಮೇಲಿನ ಲಾವಾ ಕೆಳಗಿನ ಲಾವಾಕ್ಕಿಂತ ಹಳೆಯದೆಂದು ಪ್ರಯೋಗಾಲಯ ಹೇಳಿತು, ಮುರಿಯದೆ ಬಾಗಿದ ಮರಳುಗಲ್ಲು ಇದೆ.

ನಕ್ಕು ತಳ್ಳಿಹಾಕುವ ಉತ್ತರ ಬೇಡ. ಯಾವ ವಾದ ಎಷ್ಟು ದೂರ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ, ಅಲ್ಲಿಗೆ ಹೋದಾಗ ಕಣ್ಣಿಗೆ ಏನು ತೋರಿಸಬಹುದು, ತಿಳಿದವರು ಹೇಳಿ.

——

ಪದರಗಲ್ಲು:

ಮೊದಲು ಎರಡು ಪ್ರಶ್ನೆಗಳನ್ನು ಬಿಡಿಸಿಟ್ಟುಕೊಳ್ಳಿ. ಕಲ್ಲಿನ ವಯಸ್ಸು ಬೇರೆ, ಆ ಕಲ್ಲಲ್ಲಿ ಕೊರೆದ ಕಮರಿಯ ವಯಸ್ಸು ಬೇರೆ. ಕಲ್ಲಿನ ವಿಷಯದಲ್ಲಿ ಭೂವಿಜ್ಞಾನಿಗಳ ನಡುವೆ ದೊಡ್ಡ ಜಗಳವೇನೂ ಉಳಿದಿಲ್ಲ. ಕಮರಿಯ ವಿಷಯದಲ್ಲಿ ಇಂದಿಗೂ ಇದೆ. ಕರಪತ್ರಗಳು ಎರಡನೆಯ ಜಗಳವನ್ನು ತೋರಿಸಿ ಮೊದಲನೆಯದೂ ಅಲುಗಾಡುತ್ತಿದೆ ಎನ್ನುತ್ತವೆ.

ತಳದ ಕಪ್ಪು ಕಲ್ಲು ವಿಷ್ಣು ಶಿಸ್ಟ್ (ಶಾಖ, ಒತ್ತಡಗಳಿಂದ ರೂಪ ಬದಲಿಸಿದ ಕಲ್ಲು), ಸುಮಾರು 175 ಕೋಟಿ ವರ್ಷದ್ದು. (ವಿಷ್ಣು ಟೆಂಪಲ್, ಶಿವ ಟೆಂಪಲ್ ಎಂದು ಶಿಖರಗಳಿಗೆ ಹೆಸರಿಟ್ಟವನು 1880ರ ದಶಕದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್. ಹೋದವರು ಗುಡಿ ಎಲ್ಲಿದೆ ಎಂದು ಹುಡುಕುವುದು ಬೇಡ.) ಅದರ ಮೇಲೆ ಅಲ್ಲಲ್ಲಿ ಓರೆಯಾಗಿ ಮಲಗಿದ, ಗ್ರ್ಯಾಂಡ್ ಕ್ಯಾನ್ಯನ್ ಸೂಪರ್‌ಗ್ರೂಪ್ ಎಂದು ಕರೆಯುವ ಪದರಗಳು, ಸುಮಾರು 125ರಿಂದ 73 ಕೋಟಿ ವರ್ಷ. ಅವುಗಳ ತಲೆ ಸವೆದು ಸಪಾಟಾದ ಮೇಲೆ ಟೇಪಿಟ್ಸ್ ಮರಳುಗಲ್ಲು, ಸುಮಾರು 51 ಕೋಟಿ. ಅಲ್ಲಿಂದ ಅಂಚಿನ ಕೈಬಾಬ್ ಸುಣ್ಣಕಲ್ಲಿನವರೆಗೆ, ಅಂದರೆ 27 ಕೋಟಿ ವರ್ಷದವರೆಗೆ, ಸುಮಾರು 1,200 ಮೀಟರ್ ದಪ್ಪದ ಪದರಗಳು ಒಂದರ ಮೇಲೊಂದು ಅಡ್ಡಡ್ಡ ಮಲಗಿವೆ. ಸೃಷ್ಟಿವಾದಿಗಳು ಪ್ರಳಯದ ಒಂದು ವರ್ಷಕ್ಕೆ ಕಟ್ಟುವುದು ಈ 1,200 ಮೀಟರನ್ನೇ. ಓರೆ ಪದರಗಳು ಪ್ರಳಯಕ್ಕೆ ಮುಂಚಿನವು, ವಿಷ್ಣು ಶಿಸ್ಟ್ ಸೃಷ್ಟಿಯ ವಾರದ್ದು ಎನ್ನುತ್ತಾರೆ.

ಈಗ "ಪದರಗಳ ನಡುವೆ ಸವೆತವಿಲ್ಲ" ಎನ್ನುವ ಮಾತು. ಕೆಲವು ಗಡಿಗಳು ನಿಜಕ್ಕೂ ಗೆರೆ ಎಳೆದಂತೆ ಸಪಾಟು. ಮೇಲ್ಭಾಗದ ಹರ್ಮಿಟ್ ಮತ್ತು ಕೋಕೋನಿನೋ ಎಂಬ ಪದರಗಳ ನಡುವಿನದು ಹಾಗೆಯೇ. ಅಷ್ಟನ್ನು ಒಪ್ಪಬೇಕು. ಆದರೆ ರೆಡ್‌ವಾಲ್ ಸುಣ್ಣಕಲ್ಲಿನ (ಸುಮಾರು 34 ಕೋಟಿ ವರ್ಷ) ಮೇಲ್ಮೈ ನೋಡಿ. ಅದರಲ್ಲಿ ಗುಹೆಗಳು, ಕುಸಿದ ಗುಂಡಿಗಳು, ಸುಮಾರು 120 ಮೀಟರ್‌ವರೆಗೆ ಆಳದ ಹಳೆಯ ಕಣಿವೆಗಳು ಇವೆ. ಆ ಕಣಿವೆಗಳ ಹೊಟ್ಟೆಯಲ್ಲಿ ಸರ್‌ಪ್ರೈಸ್ ಕ್ಯಾನ್ಯನ್ ಎಂಬ ಬೇರೆಯದೇ ಪದರ ತುಂಬಿದೆ, ಅದರ ಮೇಲೆ ಸುಪಾಯ್ ಪದರಗಳು ಕೂತಿವೆ. ಇದಾಗಬೇಕಾದರೆ ಸಮುದ್ರದ ತಳದ ಸುಣ್ಣದ ಕೆಸರು ಗಟ್ಟಿ ಕಲ್ಲಾಗಬೇಕು, ನೀರಿನಿಂದ ಮೇಲೇಳಬೇಕು, ಮಳೆನೀರು ಅದನ್ನು ಕರಗಿಸಿ ಗುಹೆ ಮಾಡಬೇಕು, ಗುಹೆಯ ಸೂರು ಕುಸಿಯಬೇಕು, ಮತ್ತೆ ಸಮುದ್ರ ಬರಬೇಕು. ಹಸಿ ಕೆಸರಿನಲ್ಲಿ ಗುಹೆ ನಿಲ್ಲುವುದಿಲ್ಲ. ಪ್ರಳಯದ ವೇಳಾಪಟ್ಟಿಯಲ್ಲಿ ಇದಕ್ಕೆ ಸಿಗುವುದು ಕೆಲವು ವಾರ. ವಯಸ್ಸಿನ ಅಂಕಿಗಳನ್ನೆಲ್ಲ ಪಕ್ಕಕ್ಕಿಟ್ಟರೂ ಈ ಒಂದು ಪದರ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಹರ್ಮಿಟ್‌ನಲ್ಲಿ ಜರೀಗಿಡದ ಎಲೆಯಚ್ಚು, ಒಣಗಿ ಬಿರುಕುಬಿಟ್ಟ ಕೆಸರು. ಕೋಕೋನಿನೋದಲ್ಲಿ ಗಾಳಿ ಪೇರಿಸಿದ ಮರಳುದಿಬ್ಬದ ಓರೆ ಪಟ್ಟೆಗಳು, ಅವುಗಳ ಮೇಲೆ ನಾಲ್ಕು ಕಾಲಿನ ಪ್ರಾಣಿಗಳ, ಚೇಳಿನ ಜಾತಿಯ ಜೀವಿಗಳ ಹೆಜ್ಜೆಗಳು. ಅವು ನೀರಡಿಯ ಮರಳಲೆಗಳು ಎಂಬ ಸೃಷ್ಟಿವಾದಿ ವಾದವನ್ನು ಹಲ್ಲಿಯಂಥ ಪ್ರಾಣಿಗಳನ್ನು ನೀರಿನಲ್ಲಿ ನಡೆಸಿ ಪ್ರಯೋಗ ಮಾಡಿಯೂ ಮಂಡಿಸಿದ್ದಾರೆ. ಆದರೆ ಮರಳಲೆ ಪೇರಿಸುವಷ್ಟು ಜೋರಾದ ಪ್ರವಾಹದ ತಳದಲ್ಲಿ ಚೇಳು ಹೆಜ್ಜೆಯೂರಿ ಹತ್ತುವುದು, ಆ ಗುರುತು ಅಳಿಯದೆ ಉಳಿಯುವುದು ಹೇಗೆ?

ಇನ್ನೊಂದು: ಕಮರಿಯ ಗೋಡೆಯಲ್ಲೆಲ್ಲೂ ಡೈನೋಸಾರ್, ಹಕ್ಕಿ, ಹೂಬಿಡುವ ಗಿಡದ ಪಳೆಯುಳಿಕೆ ಇಲ್ಲ. ಹಳೆಯ ಪದರದಲ್ಲಿ ಪರಾಗ ಸಿಕ್ಕಿತು ಎಂದು 1960ರ ದಶಕದಲ್ಲಿ ಸುದ್ದಿಯಾಗಿತ್ತು. ಎಚ್ಚರಿಕೆಯಿಂದ ಮತ್ತೆ ಮಾದರಿ ತೆಗೆದು, ಪರಾಗ ಇಲ್ಲ ಎಂದು ಹೇಳಿದ ಆರ್ಥರ್ ಚಾಡ್ವಿಕ್ ಸ್ವತಃ ಸೃಷ್ಟಿವಾದಿ. ಅವರ ಪ್ರಾಮಾಣಿಕತೆಗೆ ಶರಣು.

——

ಹೊಳೆಸಾಲು:

ಕೊರೆತದ ಭಾಗ ನಾನು ಹೇಳುತ್ತೇನೆ.

"ನದಿ ಗುಡ್ಡ ಹತ್ತದು" ಎಂಬುದು ಒಳ್ಳೆಯ ಪ್ರಶ್ನೆ; ಸೃಷ್ಟಿವಾದಿಗಳಿಗಿಂತ ಮೊದಲು ಭೂವಿಜ್ಞಾನಿಗಳೇ ಕೇಳಿಕೊಂಡದ್ದು. ಕಮರಿಯಲ್ಲಿ ಹರಿಯುವ ಕೊಲರಾಡೊ ನದಿ, ಕಮರಿ ಶುರುವಾಗುವ ಲೀಸ್ ಫೆರಿಯಲ್ಲಿ ಸುಮಾರು 950 ಮೀಟರ್ ಎತ್ತರದಲ್ಲಿದೆ. ಮುಂದೆ ಅದು ಸೀಳಿಕೊಂಡು ಹೋಗುವ ಕೈಬಾಬ್ ಉಬ್ಬು 2,700 ಮೀಟರ್. 1869ರಲ್ಲಿ ದೋಣಿಯಲ್ಲಿ ಇಳಿದ ಜಾನ್ ವೆಸ್ಲಿ ಪೊವೆಲ್, ನದಿ ಮೊದಲೇ ಇತ್ತು, ನೆಲ ನಿಧಾನವಾಗಿ ಎದ್ದಿತು, ಗರಗಸದಡಿ ಮರದ ದಿಮ್ಮಿ ಏರಿದ ಹಾಗೆ, ಎಂದ. ಈ ಉತ್ತರ ಇಲ್ಲಿ ಹೊಂದುವುದಿಲ್ಲ, ಏಕೆಂದರೆ ಉಬ್ಬು ಎದ್ದದ್ದು 6–7 ಕೋಟಿ ವರ್ಷಗಳ ಹಿಂದೆ, ಇಂದಿನ ನದಿಗಿಂತ ಬಹಳ ಮೊದಲು. ಕಮರಿಯ ಪಶ್ಚಿಮ ಬಾಯಿಯ ಆಚೆಗಿನ ತಗ್ಗಿನಲ್ಲಿ 60 ಲಕ್ಷ ವರ್ಷಕ್ಕಿಂತ ಹಳೆಯ ಪದರಗಳಲ್ಲಿ ಕೊಲರಾಡೊ ತಂದ ಮರಳು ಇಲ್ಲವೇ ಇಲ್ಲ. ಅಂದರೆ ನದಿ ಈ ದಾರಿ ಹಿಡಿದದ್ದು 50–60 ಲಕ್ಷ ವರ್ಷಗಳಿಂದೀಚೆಗೆ.

ಆದರೆ ಈ ಅಂಕಿಯಲ್ಲೂ ಒಂದು ತೊಡಕು. ಅಳೆದ ಕೊರೆತದ ದರ ಹತ್ತು ಲಕ್ಷ ವರ್ಷಕ್ಕೆ ಸುಮಾರು 100ರಿಂದ 200 ಮೀಟರ್. 60 ಲಕ್ಷಕ್ಕೆ ಗುಣಿಸಿದರೆ 600–1,200 ಮೀಟರ್. ಕಮರಿಯ ಆಳ 1,800 ಮೀಟರ್ ಮುಟ್ಟುತ್ತದೆ. ಉಳಿದದ್ದನ್ನು ಯಾರು ಕೊರೆದರು? 2012ರಲ್ಲಿ ಒಂದು ತಂಡ ಪಶ್ಚಿಮ ಭಾಗ 7 ಕೋಟಿ ವರ್ಷ ಹಳೆಯದು ಎಂದಿತು. 2014ರಲ್ಲಿ ಕಾರ್ಲ್‌ಸ್ಟ್ರಾಮ್ ತಂಡ ಕೊಟ್ಟ ಉತ್ತರ ಹೀಗಿದೆ: ನಡುವಿನ ಒಂದು ತುಂಡು 5–7 ಕೋಟಿ ವರ್ಷದ್ದು, ಪೂರ್ವದ ತುಂಡು 1.5–2.5 ಕೋಟಿಯದು, ಎರಡು ತುದಿಗಳು ಹೊಸವು. ಈ ಹಳೆಯ ತುಂಡುಗಳನ್ನು ಹೊಸ ನದಿ 50–60 ಲಕ್ಷ ವರ್ಷಗಳ ಹಿಂದೆ ಜೋಡಿಸಿತು. ಜೋಡಿಸಿದ್ದು ಹೇಗೆ, ಸರೋವರ ತುಂಬಿ ಹೊರಚೆಲ್ಲಿಯೋ, ತೊರೆಯೊಂದು ಹಿಂದಕ್ಕೆ ಕೊರೆಯುತ್ತ ಇನ್ನೊಂದು ನದಿಯನ್ನು ಸೆಳೆದುಕೊಂಡೋ, ಸುಣ್ಣಕಲ್ಲಿನ ಗುಹೆಗಳ ಮೂಲಕವೋ, ಇದರಲ್ಲಿ ಒಮ್ಮತವಿಲ್ಲ.

ಸರೋವರ ಒಡೆಯಿತು ಎಂಬ ಮಾತನ್ನು ಸೃಷ್ಟಿವಾದಿ ಸ್ಟೀವ್ ಆಸ್ಟಿನ್ ಬೇರೆ ರೂಪದಲ್ಲಿ ಹೇಳಿದರು: ಪ್ರಳಯದ ನಂತರ ಕೈಬಾಬ್‌ನ ಹಿಂದೆ ಸುಮಾರು 3,000 ಘನ ಮೈಲಿ, ಅಂದರೆ 12,500 ಘನ ಕಿ.ಮೀ. ನೀರು ನಿಂತಿತ್ತು, ಕಟ್ಟೆ ಒಡೆದು ಕಮರಿ ಆಯಿತು ಎಂದು. ಲೆಕ್ಕ ಹಾಕಿ. ಕಮರಿಯಿಂದ ಹೋದ ಕಲ್ಲು ಸುಮಾರು 4,170 ಘನ ಕಿ.ಮೀ. ಕಲ್ಲಿನ ಸಾಂದ್ರತೆ ನೀರಿನ ಎರಡೂವರೆ ಪಟ್ಟು ಎಂದುಕೊಂಡರೆ ತೂಕದಲ್ಲಿ ಕಲ್ಲು ನೀರು ಹೆಚ್ಚುಕಡಿಮೆ ಸರಿಸಮ. ಅದು ಪ್ರವಾಹವಲ್ಲ, ಕಾಂಕ್ರೀಟು. ಅದು ಹೊರಬಿದ್ದ ಕಡೆ ಮನೆಗಾತ್ರದ ಬಂಡೆಗಳ ಗುಡ್ಡೆಯೇ ಇರಬೇಕಿತ್ತು, ಇಲ್ಲ. ಕೊಲರಾಡೊ ಹೊತ್ತೊಯ್ದ ಹೂಳು ಪದರ ಪದರವಾಗಿ ಕ್ಯಾಲಿಫೋರ್ನಿಯಾದ ಸಾಲ್ಟನ್ ತಗ್ಗಿನಲ್ಲಿ, ಕೊಲ್ಲಿಯ ತಳದಲ್ಲಿ ಕೂತಿದೆ.

ದೊಡ್ಡ ನೆರೆ ನೆಲ ಕೊರೆಯುವುದೇ ಇಲ್ಲ ಎಂದಲ್ಲ. ವಾಷಿಂಗ್ಟನ್ ರಾಜ್ಯದ ಸ್ಕ್ಯಾಬ್‌ಲ್ಯಾಂಡ್ಸ್ ಎಂಬ ಕೊರಕಲು ನೆಲ ಹಾಗೆಯೇ ಆದದ್ದು ಎಂದು ಭೂವಿಜ್ಞಾನಿ ಹಾರ್ಲನ್ ಬ್ರೆಟ್ಜ್ 1923ರಲ್ಲಿ ಹೇಳಿದಾಗ ಯಾರೂ ಒಪ್ಪಲಿಲ್ಲ. ಮಿಸೂಲಾ ಹಿಮಸರೋವರ ಒಡೆದ ಪುರಾವೆ ಕೂಡಿಬಂದ ಮೇಲೆ ಒಪ್ಪಿದರು. ಅಲ್ಲಿ ಕಾಣುವುದು ಜಡೆಯಂತೆ ಕವಲೊಡೆದು ಕೂಡುವ ಅಗಲ ಕಾಲುವೆಗಳು, ಒಣಗಿದ ಮಹಾ ಜಲಪಾತಗಳು, ಹತ್ತಾರು ಅಡಿ ಎತ್ತರದ ಜಲ್ಲಿಯ ಅಲೆಗಳು. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಇವು ಯಾವುವೂ ಇಲ್ಲ. ಅದೇ ಪ್ರಸ್ಥಭೂಮಿಯ ಸ್ಯಾನ್ ಹುವಾನ್ ಉಪನದಿ 300 ಮೀಟರ್ ಆಳದ ಕಲ್ಲಿನಲ್ಲಿ ಹಾವಿನಂತೆ ಸುತ್ತುತ್ತ, ಎರಡೂವರೆ ಕಿ.ಮೀ. ಮುಂದೆ ಹೋಗಲು ಹತ್ತು ಕಿ.ಮೀ. ಹರಿಯುತ್ತದೆ. ನುಗ್ಗುವ ನೆರೆ ಹೀಗೆ ಬಳಸುವುದಿಲ್ಲ.

ಸೇಂಟ್ ಹೆಲೆನ್ಸ್: 1982ರ ಮಾರ್ಚ್‌ನ ಕೆಸರುನೆರೆ ಅಲ್ಲಿ ಕಮರಿ ಕೊರೆದದ್ದು ನಿಜ. ಕೊರೆದದ್ದು ಎರಡು ವರ್ಷದ ಹಿಂದೆ ಬಿದ್ದ ಸಡಿಲ ಬೂದಿಯಲ್ಲಿ. ರೆಡ್‌ವಾಲ್‌ನ ಕಡಿದಾದ ಗೋಡೆ 150–240 ಮೀಟರ್. 200 ಮೀಟರ್ ಗೋಡೆಯ ಬುಡದಲ್ಲಿ ಚದರ ಸೆಂ.ಮೀ.ಗೆ ಸುಮಾರು 50 ಕೆ.ಜಿ. ಭಾರ. ಹಸಿ ಕೆಸರು ಅಷ್ಟು ಎತ್ತರ ನೆಟ್ಟಗೆ ನಿಲ್ಲದು, ಜಾರಿ ಕುಸಿಯುತ್ತದೆ. ಕಲ್ಲು ಗಟ್ಟಿಯಾಗಿದ್ದರೆ ದಿನಗಳಲ್ಲಿ ಕೊರೆಯಲಾಗದು, ಮೆತ್ತಗಿದ್ದರೆ ಗೋಡೆ ನಿಲ್ಲದು. ಎರಡರಲ್ಲಿ ಒಂದನ್ನು ಆರಿಸಬೇಕು.

——

ತುಂಗಾತೀರ:

ನಮ್ಮ ಪುರಾಣದ ಕಲ್ಪ 432 ಕೋಟಿ ವರ್ಷ. ಭೂಮಿಯ ವಯಸ್ಸು 454 ಕೋಟಿ ಎನ್ನುತ್ತಾರೆ. ನಮ್ಮವರಿಗೆ ಮೊದಲೇ ಗೊತ್ತಿತ್ತು ಎಂದು ಮಕ್ಕಳಿಗೆ ಹೇಳಬಹುದಲ್ಲ?

——

ಅರ್ಧಾಯುಷ್ಯ:

ತುಂಗಾತೀರ ಅವರೇ, ದಯವಿಟ್ಟು ಬೇಡ. ವ್ಯತ್ಯಾಸದ ಆ 22 ಕೋಟಿ ವರ್ಷ, ಡೈನೋಸಾರ್‌ಗಳು ಹುಟ್ಟಿ ಅಳಿದ ಅವಧಿಗಿಂತ ದೊಡ್ಡದು. ಅಲ್ಲದೆ ಸಂಕಲ್ಪದಲ್ಲಿ ನಾವು ಹೇಳುವ ಲೆಕ್ಕದಂತೆಯೇ, ಶ್ವೇತವರಾಹ ಕಲ್ಪದ ವೈವಸ್ವತ ಮನ್ವಂತರದ ಇಪ್ಪತ್ತೆಂಟನೆಯ ಕಲಿಯುಗಕ್ಕೆ, ಕಳೆದದ್ದು ಸುಮಾರು 197 ಕೋಟಿ. ಕಲ್ಪದ ಅರ್ಧವೂ ಆಗಿಲ್ಲ. ಗ್ರಂಥದ ಅಂಕಿಗೆ ಕಲ್ಲನ್ನು ಹೊಂದಿಸುವ ಕೆಲಸ ಅವರು ಮಾಡಿದರೆ ತಪ್ಪು, ನಾವು ಮಾಡಿದರೆ ಸರಿ ಎಂದರೆ ಹೈಸ್ಕೂಲು ಮಕ್ಕಳು ಸುಮ್ಮನೆ ಬಿಡುವುದಿಲ್ಲ.

ಲಾವಾದ ಪ್ರಶ್ನೆಗೆ ಬರೋಣ. ಕರಪತ್ರ ಹೇಳುವುದು ಆಸ್ಟಿನ್ ಮಾಡಿಸಿದ ಪರೀಕ್ಷೆ: ಕಮರಿಯೊಳಗೆ ಮೇಲಿಂದ ಸುರಿದ ಉಯಿಂಕರೆಟ್ ಲಾವಾಕ್ಕೆ ರುಬಿಡಿಯಂ–ಸ್ಟ್ರಾನ್ಷಿಯಂ ಲೆಕ್ಕದಲ್ಲಿ (ಕಲ್ಲಿನ ರುಬಿಡಿಯಂ ನಿಧಾನವಾಗಿ ಸ್ಟ್ರಾನ್ಷಿಯಂ ಆಗುವುದನ್ನು ಅಳೆಯುವ ವಿಧಾನ) 134 ಕೋಟಿ ವರ್ಷ ಬಂತು, ತಳದ ಕಾರ್ಡಿನಸ್ ಬಸಾಲ್ಟಿಗೆ, ಅಂದರೆ ಹಳೆಯ ಲಾವಾಕಲ್ಲಿಗೆ, 107 ಕೋಟಿ. ಅಂಕಿ ಸುಳ್ಳಲ್ಲ, ಓದಿದ ರೀತಿ ತಪ್ಪು. ಈ ವಿಧಾನದಲ್ಲಿ ಹಲವು ಮಾದರಿಗಳ ಅನುಪಾತ ಗುರುತಿಸಿ ಗೆರೆ ಎಳೆಯುತ್ತಾರೆ, ಗೆರೆಯ ಓರೆ ವಯಸ್ಸು ಕೊಡುತ್ತದೆ. ಷರತ್ತು ಒಂದೇ: ಎಲ್ಲ ಮಾದರಿಗಳೂ ಒಂದೇ ಕರಗುಕಲ್ಲಿನಿಂದ, ಒಂದೇ ಹೊತ್ತಿನಲ್ಲಿ, ಒಂದೇ ಸ್ಟ್ರಾನ್ಷಿಯಂ ಅನುಪಾತದಿಂದ ಹೊರಟಿರಬೇಕು. ಬೇರೆ ಬೇರೆ ಸ್ಫೋಟಗಳ ಲಾವಾಗಳನ್ನು ಸೇರಿಸಿ ಗೆರೆ ಎಳೆದರೆ ಸಿಗುವುದು ಲಾವಾ ಹರಿದ ಕಾಲವಲ್ಲ. ಅದು ಕರಗಿ ಬಂದ ಆಳದ ಕಲ್ಲಿನ ಚರಿತ್ರೆ, ಇಲ್ಲವೇ ಎರಡು ಮೂಲಗಳ ಬೆರಕೆ. ಅದೇ ಲಾವಾಗಳಿಗೆ ಆರ್ಗಾನ್–ಆರ್ಗಾನ್ ವಿಧಾನ ಕೊಡುವುದು ಹತ್ತು ಲಕ್ಷಕ್ಕಿಂತ ಕಡಿಮೆ. ಆ ಲಾವಾ ಕಮರಿಯ ಗೋಡೆಗಳ ಮೇಲಿಂದ ಇಳಿದು ನದಿಗೆ ಅಣೆಕಟ್ಟು ಕಟ್ಟಿತ್ತು. ಅಂದರೆ ಅಷ್ಟರಲ್ಲಿ ಕಮರಿ ಅಲ್ಲಿ ಆಗಲೇ ಆಳವಾಗಿತ್ತು.

ಮಕ್ಕಳ ಬಾಯಲ್ಲಿ ಇನ್ನೊಂದೂ ಬರುತ್ತದೆ: ಸೇಂಟ್ ಹೆಲೆನ್ಸ್‌ನಲ್ಲಿ ಹತ್ತು ವರ್ಷ ಹಳೆಯ ಕಲ್ಲಿಗೆ ಪೊಟ್ಯಾಸಿಯಂ–ಆರ್ಗಾನ್ ವಿಧಾನ 3.5 ಲಕ್ಷ ವರ್ಷ ತೋರಿಸಿತು ಎಂದು. ಪೊಟ್ಯಾಸಿಯಂ–40 ಕ್ಷಯಿಸುತ್ತ ಆರ್ಗಾನನ್ನೂ ಹುಟ್ಟಿಸುತ್ತದೆ; ಅದರ ಅರ್ಧಾಯುಷ್ಯ, ಅಂದರೆ ಅರ್ಧ ಕ್ಷಯಿಸಲು ಬೇಕಾದ ಕಾಲ, 125 ಕೋಟಿ ವರ್ಷ. ಹತ್ತು ವರ್ಷದಲ್ಲಿ ಹುಟ್ಟುವ ಆರ್ಗಾನ್ ಅಳತೆಗೆ ಸಿಗದಷ್ಟು ಅತ್ಯಲ್ಪ. ಹಳೆಯ ಹರಳುಗಳಲ್ಲಿ ಸಿಕ್ಕಿಬಿದ್ದ ಚೂರು ಆರ್ಗಾನೇ ಇಡೀ ಉತ್ತರವಾಗಿಬಿಡುತ್ತದೆ. ಲಾರಿ ತೂಗುವ ತಕ್ಕಡಿಯಲ್ಲಿ ಉಂಗುರ ತೂಗಿದ ಫಲಿತಾಂಶ ಅದು. 3.5 ಲಕ್ಷದ ದೋಷ 50 ಕೋಟಿಯ ಕಲ್ಲಿಗೆ ಸಾವಿರಕ್ಕೆ ಒಂದು ಪಾಲೂ ಅಲ್ಲ.

——

ನೇತ್ರಾವತಿ_ಫೀನಿಕ್ಸ್:

ಎಲ್ಲರಿಗೂ ವಂದನೆ. ಬಾಗಿದ ಮರಳುಗಲ್ಲು ಉಳಿಯಿತು. ಜೊತೆಗೆ ನದಿಯವರೆಗೆ ಇಳಿಯದೆ ಏನೇನು ನೋಡಬಹುದು?

——

ಪದರಗಲ್ಲು:

ಟೇಪಿಟ್ಸ್ ಹೆಚ್ಚುಕಡಿಮೆ ಲಂಬಕೋನದಲ್ಲಿ ಬಾಗಿದ ಜಾಗ ಕಾರ್ಬನ್ ಕ್ಯಾನ್ಯನ್‌ನಲ್ಲಿದೆ. ಹಸಿಯಾಗಿದ್ದಾಗ ಬಾಗಿತು ಎನ್ನುವ ಸೃಷ್ಟಿವಾದಿ ಭೂವಿಜ್ಞಾನಿ ಆಂಡ್ರ್ಯೂ ಸ್ನೆಲಿಂಗ್, ಮಾದರಿ ತೆಗೆಯಲು ಅನುಮತಿ ಸಿಗದೆ 2017ರಲ್ಲಿ ದಾವೆ ಹೂಡಿ, ಅನುಮತಿ ಸಿಕ್ಕ ಮೇಲೆ ಹಿಂದೆಗೆದುಕೊಂಡರು. ಕೊಟ್ಟದ್ದು ಒಳ್ಳೆಯದೇ ಆಯಿತು. ಆದರೆ ಬಾಗಿನ ಹತ್ತಿರದ ಚಿತ್ರಗಳಲ್ಲಿ ಬಿರುಕುಗಳು, ಪದರದ ಮೇಲೆ ಪದರ ಜಾರಿದ ಗುರುತುಗಳು ಕಾಣುತ್ತವೆ. "ಮುರಿಯದೆ" ಎಂಬ ಮಾತೇ ಸರಿಯಲ್ಲ. ಕಿಲೋಮೀಟರುಗಟ್ಟಲೆ ಕಲ್ಲಿನ ಭಾರದಡಿ ಲಕ್ಷಾಂತರ ವರ್ಷ ಒತ್ತಿದರೆ ಗಟ್ಟಿ ಕಲ್ಲೂ ಸಣ್ಣ ಸಣ್ಣ ಜಾರುಗಳಲ್ಲಿ ಬಾಗುತ್ತದೆ.

ನೋಡಲು: ಯಾವಪಾಯ್ ಭೂವಿಜ್ಞಾನ ವಸ್ತುಸಂಗ್ರಹಾಲಯದಿಂದ ಟ್ರೇಲ್ ಆಫ್ ಟೈಮ್ ಎಂಬ ಕಾಲುದಾರಿ ಹಿಡಿಯಿರಿ. ಒಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ; ವಿಲೇಜ್ ಕಡೆಗೆ 2 ಕಿ.ಮೀ. ನಡೆದರೆ ವಿಷ್ಣು ಶಿಸ್ಟ್ ದಾಟುತ್ತೀರಿ. ಕಮರಿ ಕೊರೆದದ್ದು ಮೊದಲ ಆರು ಹೆಜ್ಜೆಯಲ್ಲೇ ಮುಗಿಯುತ್ತದೆ, ಮಕ್ಕಳಿಗೆ ಅಲ್ಲೇ ನಿಲ್ಲಿಸಿ ಹೇಳಿ. ಯಾವಪಾಯ್ ಅಂಚಿನಿಂದಲೇ ಕಪ್ಪು ಒಳಕಮರಿಯ ಮೇಲೆ ಕಂದು ಪಟ್ಟಿ ಕಾಣುತ್ತದೆ, ಅದು ಟೇಪಿಟ್ಸ್. ಆ ಎರಡರ ನಡುವಿನ ಗೆರೆಯಲ್ಲಿ ಸುಮಾರು 120 ಕೋಟಿ ವರ್ಷ ಕಾಣೆ. ಓರೆ ಪದರಗಳಿಗೆ ಲಿಪನ್ ಪಾಯಿಂಟ್ ಒಳ್ಳೆಯದು, ದುರ್ಬೀನು ಇರಲಿ.

ನಡೆಯಬಲ್ಲವರು ಸೌತ್ ಕೈಬಾಬ್ ದಾರಿಯಲ್ಲಿ ಸೀಡರ್ ರಿಜ್‌ವರೆಗೆ ಇಳಿಯಬಹುದು: 2.4 ಕಿ.ಮೀ., ಸುಮಾರು 350 ಮೀಟರ್ ಇಳಿತ. ಕೋಕೋನಿನೋದ ಓರೆ ಪಟ್ಟೆ ದಾರಿಯಲ್ಲೇ ಸಿಗುತ್ತದೆ, ರಿಜ್‌ನಲ್ಲಿ ಹರ್ಮಿಟ್‌ನ ಜರೀಗಿಡದ ಅಚ್ಚು ನೋಡಬಹುದು. ಆ ದಾರಿಯಲ್ಲಿ ಕುಡಿಯುವ ನೀರಿಲ್ಲ, ಹತ್ತಲು ಇಳಿದದ್ದರ ಎರಡು ಪಟ್ಟು ಹೊತ್ತು ಇಟ್ಟುಕೊಳ್ಳಿ. ದಾರಿಯ ಬುಡಕ್ಕೆ ಸ್ವಂತ ಕಾರು ಬಿಡುವುದಿಲ್ಲ, ಶಟಲ್ ಬಸ್ಸು ಹಿಡಿಯಬೇಕು. ಕಲ್ಲಿನ ಚೂರನ್ನೂ ಜೇಬಿಗೆ ಹಾಕದಂತೆ ಮಕ್ಕಳಿಗೆ ಮೊದಲೇ ಹೇಳಿ, ಅದು ಅಪರಾಧ.