ಸಹಾಯ ಬೇಕು: ಮನೆಯಲ್ಲಿ ಚಿಕನ್‌ಪಾಕ್ಸ್, ತಂಗಿ ಗರ್ಭಿಣಿ

ಎಲ್ಲರಿಗೂ ನಮಸ್ಕಾರ. ನಾವು ಹಾವೇರಿಯವರು. ಎರಡು ವಾರಗಳ ಹಿಂದೆ ನಮ್ಮ ಮಗನಿಗೆ ಬಂದಿದ್ದ ಚಿಕನ್‌ಪಾಕ್ಸ್ ತೊಂದರೆಯಿಲ್ಲದೆ ವಾಸಿಯಾಯಿತು. ಆದರೆ ನಿನ್ನೆಯಿಂದ ನಮ್ಮ ಯಜಮಾನರಿಗೆ ತೀವ್ರ ಜ್ವರ ಬಂದು ಮೈತುಂಬ ಗುಳ್ಳೆಗಳೆದ್ದಿವೆ. ದೊಡ್ಡವರಲ್ಲಿ, ಅದರಲ್ಲೂ ಧೂಮಪಾನ ಮಾಡುವವರಲ್ಲಿ, ಈ ಸೋಂಕು ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಹೆಚ್ಚೆಂದು ವೈದ್ಯರು ಕೂಡಲೇ ಅಸೈಕ್ಲೋವಿರ್ ಎಂಬ ವೈರಾಣು ನಿರೋಧಕ ಮಾತ್ರೆ ಆರಂಭಿಸಿದ್ದಾರೆ. ಕೆಮ್ಮು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆತರಲು ಹೇಳಿದ್ದಾರೆ. ಅತ್ತೆಯವರ ನಂಬಿಕೆಯಂತೆ ಹಾಸಿಗೆಯ ಬಳಿ ಬೇವಿನ ಸೊಪ್ಪು ಇಟ್ಟಿದ್ದೇವೆ, ಮಾತ್ರೆಗಳನ್ನೂ ತಪ್ಪದೆ ಕೊಡುತ್ತಿದ್ದೇವೆ.

ನನ್ನ ನಿಜವಾದ ಆತಂಕ ತಂಗಿಯದು. ಐದು ತಿಂಗಳ ಗರ್ಭಿಣಿಯಾದ ಅವಳು ಮೊನ್ನೆ ಇಡೀ ದಿನ ನಮ್ಮ ಮನೆಯಲ್ಲಿದ್ದಳು, ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಈ ಸೋಂಕು ಹರಡುತ್ತದೆ. ಅವಳಿಗೆ ಬಾಲ್ಯದಲ್ಲಿ ಚಿಕನ್‌ಪಾಕ್ಸ್ ಬಂದಿಲ್ಲ, ಲಸಿಕೆಯೂ ಆಗಿಲ್ಲ. ಇದು ಜೀವಂತ ವೈರಾಣುವಿನ ಲಸಿಕೆಯಾದ್ದರಿಂದ ಗರ್ಭಿಣಿಯರಿಗೆ ಈಗ ಕೊಡುವಂತಿಲ್ಲ. ರಕ್ತಪರೀಕ್ಷೆಯಲ್ಲಿ ರೋಗನಿರೋಧಕ ಶಕ್ತಿ ಇಲ್ಲವೆಂದು ಬಂದರೆ, ಸಂಪರ್ಕವಾದ 10 ದಿನಗಳೊಳಗೆ ವ್ಯಾರಿಸೆಲ್ಲಾ ಇಮ್ಯುನೋಗ್ಲಾಬ್ಯುಲಿನ್ (ಚಿಕನ್‌ಪಾಕ್ಸ್ ವಿರುದ್ಧದ ಸಿದ್ಧ ಪ್ರತಿಕಾಯಗಳು) ಚುಚ್ಚುಮದ್ದು ಕೊಡಿಸಬೇಕೆಂದು ಅವಳ ವೈದ್ಯರು ತಿಳಿಸಿದ್ದಾರೆ. ಇಲ್ಲಿನ ಔಷಧಿ ಅಂಗಡಿಗಳಲ್ಲಿ ಅದು ಸಿಗುತ್ತಿಲ್ಲ.

ಹುಬ್ಬಳ್ಳಿ, ಧಾರವಾಡ ಅಥವಾ ದಾವಣಗೆರೆಯಲ್ಲಿ ಇದು ಎಲ್ಲಿ ದೊರೆಯುತ್ತದೆ, ಬೆಂಗಳೂರಿನಿಂದ ತರಿಸುವುದಾದರೆ ಶೀತಲ ವ್ಯವಸ್ಥೆ ಹೇಗೆ ಮಾಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ಇಂದೇ ತಿಳಿಸಿ.