ಅಪ್‌ಡೇಟ್: ಇಬ್ಬರಿಗೆ ಚಿಕ್ಕ ಕ್ಯಾಂಪರ್ ವ್ಯಾನ್, ಹೈ-ರೂಫೇ ಆಯ್ಕೆ

ಇಬ್ಬರಿಗೆ 5 ಮೀಟರ್ ಒಳಗಿನ ಉದ್ದದ ಪಾಪ್-ಟಾಪ್ (ಛಾವಣಿ ಮೇಲಕ್ಕೆತ್ತಿದರೆ ಬಟ್ಟೆಯ ಗೋಡೆ ತೆರೆದುಕೊಳ್ಳುವ ವ್ಯಾನ್) ಸಾಕೇ, 5.4 ಮೀಟರ್ ಉದ್ದದ ಹೈ-ರೂಫ್ (ಎತ್ತರದ ಗಟ್ಟಿ ಛಾವಣಿಯದು) ಬೇಕೇ ಎಂದು ಕೇಳಿದ್ದೆ. ಹೈ-ರೂಫ್‌ಗೇ ನಿರ್ಧಾರವಾಯಿತು. ಮಳೆ ಬಂದರೂ ಒಳಗೇ ನಿಂತು ಅಡುಗೆ ಮಾಡಬಹುದು. ಪಾಪ್-ಟಾಪ್‌ನ ಬಟ್ಟೆಯನ್ನು ಒದ್ದೆಯಿದ್ದಾಗಲೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಆದರೆ ತಗ್ಗು ಛಾವಣಿಯ ಪಾರ್ಕಿಂಗ್‌ಗಳನ್ನು ಮರೆತುಬಿಡಬೇಕು.

ಹಾಸಿಗೆ ಅಡ್ಡ ಹಾಕುವುದಾದರೆ ಬ್ರೋಷರ್‌ನಲ್ಲಿರುವ ಅಗಲ ನಂಬಬೇಡಿ. ಇನ್ಸುಲೇಶನ್, ಪ್ಯಾನೆಲ್ ಸೇರಿ ಒಂದೊಂದು ಬದಿಗೆ 3-4 ಸೆಂ.ಮೀ. ಹೋಗುತ್ತದೆ. ಮಲಗುವ ಎತ್ತರದಲ್ಲೇ ಟೇಪ್ ಹಿಡಿದು ಅಳೆಯಿರಿ. ಗೋಡೆ ಮೇಲೆ ಹೋದಂತೆ ಒಳಕ್ಕೆ ಬಾಗಿರುತ್ತದೆ.

ಒಳಗಿನ ಬಳಕೆಗೆ, ಎಂಜಿನ್‌ನದಲ್ಲದ ಬೇರೆ ಬ್ಯಾಟರಿ: 12 ವೋಲ್ಟ್, 100 ಆಂಪ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್. ಕಂಪ್ರೆಸರ್ ಫ್ರಿಜ್ ದಿನಕ್ಕೆ ಸುಮಾರು 30-40 ಆಂಪ್-ಅವರ್ ತಿನ್ನುತ್ತದೆ, ಎರಡು ದಿನ ತಳ್ಳಬಹುದು. ಓಡುವಾಗ ಎಂಜಿನ್‌ನಿಂದ ಚಾರ್ಜ್ ಮಾಡಲು ಬರೀ ರಿಲೇ (ಎರಡೂ ಬ್ಯಾಟರಿ ಜೋಡಿಸುವ ಸ್ವಿಚ್) ಸಾಲದು: ಸ್ಮಾರ್ಟ್ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ, ವೋಲ್ಟೇಜನ್ನು ತಾನೇ ಬದಲಿಸುವ ಜನರೇಟರ್) ಓಡುವಾಗಲೇ ವೋಲ್ಟೇಜ್ ಇಳಿಸುತ್ತದೆ, ಬ್ಯಾಟರಿ ಅರ್ಧಕ್ಕೇ ನಿಲ್ಲುತ್ತದೆ. ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸಿ ಕೊಡುವ 30 ಆಂಪ್‌ನ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಎರಡು ಬ್ಯಾಟರಿಗಳ ನಡುವಿನ ಕೇಬಲ್‌ಗೆ ಎರಡೂ ತುದಿಯಲ್ಲಿ, ಬ್ಯಾಟರಿಗೆ ಅಂಟಿಕೊಂಡೇ ಫ್ಯೂಸ್ ಇರಲಿ.

ತೂಕದ್ದೊಂದು ಬಾಕಿ. ನೀರು ತುಂಬಿಸಿ, ಇಬ್ಬರೂ ಕೂತು, ವೇಬ್ರಿಡ್ಜ್‌ನಲ್ಲಿ ಒಂದೊಂದೇ ಆಕ್ಸಲ್ (ಚಕ್ರಗಳ ಅಚ್ಚು) ತೂಗಿಸಬೇಕು. ಒಟ್ಟು ತೂಕ ಮಿತಿಯಲ್ಲಿದ್ದರೂ ಹಿಂದಿನ ಆಕ್ಸಲ್ ತನ್ನ ಮಿತಿ ಮೀರಿರಬಹುದು.