ಸೋದರಮಾವನ ಮಗಳು ವಧುವಾದರೆ ಚಿಗವ್ವನ ಮಗಳು ತಂಗಿಯೇಕೆ?

ಪ್ರಶ್ನೆ: ಘಟಪ್ರಭೆ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯನ್ನು ಆಕೆಯ ಸೋದರಮಾವನಿಗೇ ಕೊಟ್ಟು ಲಗ್ನ ಮಾಡಿದ್ದರು. ಹೀಗಾಗಿ ತಾಯಿಯ ತಾಯಿ ನನಗೆ ಅಜ್ಜಿಯೂ ಹೌದು, ತಂದೆಯ ಅಕ್ಕನಾದ್ದರಿಂದ ಸೋದರತ್ತೆಯೂ ಹೌದು. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಕಳೆದ ತಿಂಗಳು ಮಗಳ ಜೊತೆ ಓದುವ ಹರಿಯಾಣದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಪಡಸಾಲೆಯ ಗೋಡೆಗೆ ಹಾಕಿದ ಲಗ್ನದ ಫೋಟೋ ತೋರಿಸಿ ಸಂಬಂಧವನ್ನು ವಿವರಿಸಿದಾಗ, ಆಕೆ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟು, "ಮಾಮಾ ಎಂದರೆ ತಂದೆಗೆ ಸಮಾನರಲ್ಲವೇ?" ಎಂದು ಕೇಳಿದಳು. ಅವರ ಕಡೆ ಸ್ವಂತ ಊರಿನ ಹುಡುಗನನ್ನೂ ಮದುವೆಯಾಗುವಂತಿಲ್ಲವಂತೆ, ಊರಿನವರೆಲ್ಲ ಅಣ್ಣತಮ್ಮಂದಿರಂತೆ. "ನಮ್ಮಲ್ಲಿ ಹಾಗೆ ಪದ್ಧತಿ" ಎಂದಷ್ಟೇ ಹೇಳಿದೆ, ಆದರೆ ಆ ಉತ್ತರ ನನಗೇ ಸಾಲಲಿಲ್ಲ. ಸೋದರಮಾವನ ಮಗಳೂ ಚಿಗವ್ವನ ಮಗಳೂ ರಕ್ತದಿಂದ ಅಷ್ಟೇ ಹತ್ತಿರದವರಾಗಿರುವಾಗ ಒಬ್ಬಳು ಹೆಂಡತಿಯಾಗಬಹುದು, ಇನ್ನೊಬ್ಬಳು ತಂಗಿ ಎಂಬ ಭೇದ ಎಲ್ಲಿಂದ ಬಂತು? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಡೋಣಿ ಸಾಲು, ವಿಜಯಪುರ

ಅಕ್ಕನವರೇ, ನಿಮ್ಮ ಪ್ರಶ್ನೆಗೆ ಉತ್ತರ ನಾವು ದಿನವೂ ಕರೆಯುವ ಹೆಸರುಗಳಲ್ಲಿಯೇ ಅಡಗಿದೆ. ತಂದೆಯ ಅಣ್ಣ ದೊಡ್ಡಪ್ಪ, ತಮ್ಮ ಚಿಗಪ್ಪ. ತಾಯಿಯ ಅಕ್ಕ ದೊಡ್ಡವ್ವ, ತಂಗಿ ಚಿಗವ್ವ. ಇವರೆಲ್ಲ ಅಪ್ಪ ಅವ್ವಂದಿರೇ ಆದ ಮೇಲೆ ಅವರ ಮಕ್ಕಳು ನಮಗೆ ಒಡಹುಟ್ಟಿದವರಾಗದೆ ಬೇರೇನಾದಾರು? ಆದರೆ ತಂದೆಯ ತಂಗಿ ಅತ್ತೆ, ತಾಯಿಯ ಅಣ್ಣತಮ್ಮಂದಿರು ಮಾವಂದಿರು, ಮತ್ತು ಗಂಡನ ಅಥವಾ ಹೆಂಡತಿಯ ತಂದೆತಾಯಿಗೂ ನಾವು ಬಳಸುವುದು ಇದೇ ಅತ್ತೆ, ಮಾವ ಎಂಬ ಪದಗಳನ್ನು. ಅಳಿಯ ಎಂದರೆ ಮಗಳ ಗಂಡನೂ ಹೌದು, ಅಕ್ಕತಂಗಿಯರ ಮಗನೂ ಹೌದು. ಮದುವೆಗೆ ಮೊದಲೇ ಭಾಷೆ ಬೀಗತನವನ್ನು ಗೊತ್ತುಮಾಡಿ ಇಟ್ಟಿದೆ. ಅಕ್ಕನ ಮಗಳನ್ನು ತರಬಹುದು, ಅಣ್ಣನ ಮಗಳು ಮಾತ್ರ ಮಗಳೇ ಎಂಬುದೂ ಇದೇ ಲೆಕ್ಕದಿಂದ ಬಂದದ್ದು. ನಮ್ಮ ಲಿಂಗಾಯತರ ಮನೆಗಳಲ್ಲಿ ಕನ್ಯಾ ನೋಡಲು ಹೋದಾಗ ಬೆಡಗು, ಅಂದರೆ ತಂದೆಯ ಕಡೆಯ ಕುಲದ ಹೆಸರು, ಕೇಳುವುದನ್ನು ನೀವು ಕಂಡಿರಬಹುದು. ಬೆಡಗು ಒಂದೇ ಆದರೆ ಮುಖಪರಿಚಯವೇ ಇಲ್ಲದಿದ್ದರೂ ಅಣ್ಣತಂಗಿ, ಮಾತು ಅಲ್ಲಿಗೆ ಮುಗಿಯಿತು. ಸೋದರಮಾವನ ಬೆಡಗು ಬೇರೆಯಾದ್ದರಿಂದ ಅವನ ಮಗಳಿಗೆ ಆ ಅಡ್ಡಿಯಿಲ್ಲ.

ಇದು ಹಳೆಯ ಪದ್ಧತಿ. ಬೌಧಾಯನ ಧರ್ಮಸೂತ್ರವು ದಕ್ಷಿಣದವರ ಆಚಾರಗಳನ್ನು ಹೇಳುವಾಗ ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ಮದುವೆಯಾಗುವುದನ್ನು ಹೆಸರಿಸುತ್ತದೆ. ನನಗೆ ಇನ್ನೂ ದೊಡ್ಡ ಸೋಜಿಗವೆಂದರೆ, ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ ಅವರು ಅಲ್ಲಿನ ಇರೊಕ್ವಾ ಮೂಲನಿವಾಸಿಗಳಲ್ಲಿಯೂ ತಂದೆಯ ಅಣ್ಣತಮ್ಮಂದಿರನ್ನು ತಂದೆ ಎಂದೂ ತಾಯಿಯ ಅಕ್ಕತಂಗಿಯರನ್ನು ತಾಯಿ ಎಂದೂ ಕರೆಯುವುದನ್ನು ಕಂಡು, ಅದನ್ನು ತಮಿಳಿನ ಸಂಬಂಧವಾಚಕಗಳೊಂದಿಗೆ ಹೋಲಿಸಿ 1871ರಲ್ಲಿ ಪ್ರಕಟಿಸಿದರು. ನಡುವೆ ಸಮುದ್ರಗಳೇ ಇರುವ ಎರಡು ಜನಾಂಗಗಳು ಬಳಗವನ್ನು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಎಣಿಸಿದ್ದವು.

ಉತ್ತರ: ಕೋಟೆ ಕೆರೆ, ಬೆಳಗಾವಿ

ನಮ್ಮದು ಮರಾಠಾ ಮನೆತನ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ಮೇಲಿನವರು ಹೇಳಿದ್ದಕ್ಕೆ ಒಂದು ತಿದ್ದುಪಡಿ ಸೇರಿಸಬೇಕಾಗಿದೆ. ನಮ್ಮಲ್ಲಿ ಸೋದರಮಾವನ ಮಗಳನ್ನು ತರುವುದು ಒಳ್ಳೆಯ ಸಂಬಂಧ, ಆದರೆ ಸೋದರತ್ತೆಯ ಮಗಳನ್ನು ತರುವುದಿಲ್ಲ. "ಹಬ್ಬಿಸಿದ ಬಳ್ಳಿ ತಿರುಗಿ ಅದೇ ಮನೆಗೆ ಬರಬಾರದು" ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಹೆಣ್ಣು ಕೊಟ್ಟ ಮನೆಯವರು ಕೊಡುತ್ತಲೇ ಇರಬೇಕು, ಪಡೆದ ಮನೆಯವರು ಪಡೆಯುತ್ತಲೇ ಇರಬೇಕು ಎಂಬುದು ಅದರ ಅರ್ಥ. ಅತ್ತೆಯ ಮಗಳನ್ನು ತಂದರೆ ಆ ದಿಕ್ಕು ತಿರುವುಮುರುವಾಗುತ್ತದೆ. ಒಂದೇ ದೇವಕದವರಲ್ಲಿಯೂ, ಅಂದರೆ ಒಂದೇ ಕುಲಚಿಹ್ನೆಯನ್ನು ಪೂಜಿಸುವವರಲ್ಲಿಯೂ, ಲಗ್ನವಿಲ್ಲ. 1953ರಲ್ಲಿ ಬಂಧುತ್ವದ ಬಗ್ಗೆ ತಮ್ಮ ಅಧ್ಯಯನವನ್ನು ಪ್ರಕಟಿಸಿದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು ಮಹಾರಾಷ್ಟ್ರವನ್ನು ಉತ್ತರ ಮತ್ತು ದಕ್ಷಿಣದ ಪದ್ಧತಿಗಳು ಕೂಡುವ ಸೀಮೆಯೆಂದು ನೋಡಿದ್ದರು. ಅದು ನಮ್ಮ ಓಣಿಯಲ್ಲೇ ಕಾಣುತ್ತದೆ: ಗೋಡೆ ಹಂಚಿಕೊಂಡ ಎರಡು ಮನೆಗಳಲ್ಲಿ ಒಂದರಲ್ಲಿ ನಡೆಯುವ ಸಂಬಂಧ ಇನ್ನೊಂದರಲ್ಲಿ ನಡೆಯುವುದಿಲ್ಲ.

ಉತ್ತರ: ತಾಜ್ ಬಾವಡಿ, ವಿಜಯಪುರ

ನಮ್ಮ ಮುಸಲ್ಮಾನರ ಮನೆಗಳಲ್ಲಿ ಗೆರೆ ಬೇರೆ ಕಡೆ ಬೀಳುತ್ತದೆ. ದೊಡ್ಡಪ್ಪ, ಚಿಕ್ಕಪ್ಪ, ಚಿಕ್ಕಮ್ಮ, ಮಾಮು, ಯಾರ ಮಕ್ಕಳಾದರೂ ಮದುವೆಗೆ ಅಡ್ಡಿಯಿಲ್ಲ. ಅರಬರಲ್ಲಂತೂ ತಂದೆಯ ಅಣ್ಣತಮ್ಮಂದಿರ ಮಗಳೇ ಮೊದಲ ಆಯ್ಕೆಯಾಗಿತ್ತು. ಆದರೆ ಭಾಂಜಿ, ಅಂದರೆ ಅಕ್ಕತಂಗಿಯರ ಮಗಳು, ಎಂದೆಂದಿಗೂ ನಿಷಿದ್ಧ. ಕುರ್‌ಆನಿನ 4ನೆಯ ಅಧ್ಯಾಯದ 23ನೆಯ ವಚನದಲ್ಲಿ ಆ ಪಟ್ಟಿ ಸ್ಪಷ್ಟವಾಗಿದೆ. ಅದೇ ವಚನ ಹಾಲಿನ ಸಂಬಂಧವನ್ನೂ ಹೇಳುತ್ತದೆ. ನನ್ನ ತಾಯಿಗೆ ಹೆರಿಗೆಯ ನಂತರ ಜ್ವರ ಬಂದಾಗ ಚಿಕ್ಕಮ್ಮ ತಮ್ಮ ಮಗನ ಜೊತೆಗೆ ನನಗೂ ಹಲವು ವಾರ ಹಾಲು ಕುಡಿಸಿದ್ದರು. ಮುಂದೆ ಅವನಿಗೂ ನನಗೂ ಸಂಬಂಧ ಕೇಳಲು ದೂರದ ನೆಂಟರೊಬ್ಬರು ಬಂದಾಗ ಚಿಕ್ಕಮ್ಮನೇ "ಇವರಿಬ್ಬರೂ ದೂಧ್ ಶರೀಕ್", ಅಂದರೆ ಒಂದೇ ಹಾಲು ಕುಡಿದವರು, ಎಂದು ಮಾತನ್ನು ನಿಲ್ಲಿಸಿದರು. ರಕ್ತದಿಂದ ಮದುವೆಯಾಗಬಹುದಾಗಿದ್ದವನು ಹಾಲಿನಿಂದ ನನ್ನ ತಮ್ಮನಾದ.

ಉತ್ತರ: ವಕೀಲ, ಜಮಖಂಡಿ

1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ ಮತ್ತು ಸೋದರಸೊಸೆಯ ಮದುವೆಯನ್ನೂ ಅಣ್ಣತಂಗಿಯರ ಮಕ್ಕಳ ಮದುವೆಯನ್ನೂ ನಿಷೇಧಿತ ಸಂಬಂಧಗಳಲ್ಲಿಯೇ ಸೇರಿಸಿದೆ. ಆದರೆ ಇಬ್ಬರ ಕಡೆಯ ರೂಢಿಯೂ ಒಪ್ಪುವುದಾದರೆ ವಿನಾಯಿತಿಯಿದೆ, ಮತ್ತು ನಮ್ಮ ಕಡೆಯ ಇಂಥ ಮದುವೆಗಳು ನಿಂತಿರುವುದು ಆ ವಿನಾಯಿತಿಯ ಮೇಲೆ. ಬೆಡಗಿನಂಥ ನಿಯಮ ಬೇರೆ ದೇಶದಲ್ಲೂ ಇತ್ತು: ದಕ್ಷಿಣ ಕೊರಿಯಾದ ಕಾನೂನು ಒಂದೇ ಅಡ್ಡಹೆಸರಿನ, ಒಂದೇ ಮೂಲಸ್ಥಾನದ ಇಬ್ಬರು ಎಷ್ಟೇ ದೂರದವರಾಗಿದ್ದರೂ ಮದುವೆಯಾಗಬಾರದು ಎನ್ನುತ್ತಿತ್ತು. 1997ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಇನ್ನು ವೈದ್ಯರ ಲೆಕ್ಕ ಮನೆತನವನ್ನು ನೋಡುವುದಿಲ್ಲ. ಯಾವುದೇ ಒಂದು ವಂಶವಾಹಿಯ ಒಂದೇ ಮೂಲದ ಪ್ರತಿ ತಂದೆತಾಯಿ ಇಬ್ಬರಿಂದಲೂ ಮಗುವಿಗೆ ಬರುವ ಸಂಭವ ಅಣ್ಣತಂಗಿಯರ ಮಕ್ಕಳ ಮದುವೆಯಲ್ಲಿ 16ರಲ್ಲಿ 1, ಸೋದರಮಾವನ ಮದುವೆಯಲ್ಲಿ 8ರಲ್ಲಿ 1. ಹಳೆಯ ಸಂಬಂಧ ಬಿಡಬಾರದೆಂದು ಹಟ ಹಿಡಿಯುವ ಹಿರಿಯರಿಗೆ ಇದನ್ನು ಹೇಳುವುದು ನಮ್ಮ ಕರ್ತವ್ಯ ಎಂದೇ ನಾನು ಭಾವಿಸಿದ್ದೇನೆ.

ಘಟಪ್ರಭೆ, ಬಾಗಲಕೋಟೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಈ ಉತ್ತರಗಳನ್ನು ತಾಯಿಗೆ ಓದಿ ಹೇಳಿದೆ. ಲಗ್ನವಾದ ಮೇಲೂ ಬಹಳ ದಿನ ಆಕೆ ನನ್ನ ತಂದೆಯನ್ನು ಮಾಮಾ ಎಂದೇ ಕರೆಯುತ್ತಿದ್ದಳಂತೆ, ಬೇರೆ ಹೆಸರು ಬಾಯಿಗೆ ಬರುತ್ತಿರಲಿಲ್ಲವಂತೆ. ಹಾಲಿನ ಸಂಬಂಧದ ಮಾತನ್ನು ಎರಡು ಸಲ ಓದಿಸಿಕೊಂಡಳು.